ಬನಶಂಕರಿಯ ಟೆಂಟಿನಿಂದ ಅಮೀರ್ ಟಾಕೀಸಿನವರೆಗೆ

ಮೊದಲ ದಿನ: ಬನಶಂಕರಿ

ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಯಲ್ಲಿ ಇಳಿಸಿದಾಗ ಇನ್ನೂ ನಸುಕು. ನಿಲ್ದಾಣದಿಂದ ಊರು ಐದು ಕಿಲೋಮೀಟರ್, ಊರಿನಿಂದ ಬನಶಂಕರಿ ಮತ್ತೆ ಅಷ್ಟೇ ದೂರ. ಜಾತ್ರೆಯ ದಿನಗಳಲ್ಲಿ ಟಂಟಂ ಆಟೋಗಳು ನಿಲ್ದಾಣದಿಂದಲೇ ನೇರ ಗುಡಿಗೆ ಹೊರಡುತ್ತವೆ. ಹತ್ತು ಜನ ತುಂಬುವ ತನಕ ಕದಲುವುದಿಲ್ಲ ಎಂಬುದೊಂದೇ ತೊಡಕು. ಜನವರಿಯ ಗಾಳಿ ಕಿವಿ ಕೊರೆಯುತ್ತದೆ, ಒಂದು ಶಾಲು ಇರಲೇಬೇಕು. ಅದು ರಾತ್ರಿ ಟೆಂಟಿನಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ.

ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮತ್ತು ಅವರ ಅಕ್ಕ ಗೋಹರ್‌ಬಾಯಿ ಕರ್ನಾಟಕಿ, ಒಂದೇ ಮನೆಯ ಈ ಇಬ್ಬರ ಹಾದಿ ಹಿಡಿದ ಪಯಣ ಇದು. ಅಕ್ಕ ರಂಗದ ಮೇಲೆ ಹೆಸರು ಮಾಡಿದವರು, ತಂಗಿ ಮುಂಬೈಯ ಸಿನಿಮಾದಲ್ಲಿ. ನೇರ ಬೀಳಗಿಗೇ ಹೋಗಬಹುದಿತ್ತು. ಆದರೆ ಮೈಕಿಲ್ಲದ ಆ ಕಾಲದ ನಟಿಯರ ದನಿ ಯಾಕೆ ಅಷ್ಟು ತೆರೆದು, ಎಳೆದು ಬರುತ್ತಿತ್ತು ಎಂಬುದು ಗ್ರಾಮಫೋನ್ ತಟ್ಟೆ ಕೇಳಿದರಷ್ಟೇ ತಿಳಿಯುವುದಿಲ್ಲ. ಊರೂರು ತಿರುಗುವ ಕಂಪನಿ ನಾಟಕದ ಟೆಂಟಿನಲ್ಲಿ, ಅದೂ ಹಿಂದಿನ ಸಾಲಿನಲ್ಲಿ ಕೂತು ಒಂದು ರಾತ್ರಿ ಕಳೆಯಬೇಕು. ಅದಕ್ಕೆ ಬನಶಂಕರಿಗಿಂತ ಒಳ್ಳೆಯ ಜಾಗವಿಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಇಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ಜಾತ್ರೆ ನಿಲ್ಲುತ್ತದೆ, ಅಷ್ಟೂ ದಿನ ನಾಟಕ ಕಂಪನಿಗಳು ಒಂದರ ಪಕ್ಕ ಒಂದು ಟೆಂಟು ಹೊಡೆದಿರುತ್ತವೆ. ನಾಟಕಕ್ಕೆಂದೇ ಬರುವವರು ತೇರಿನ ದಿನ ಬರಬಾರದು. ನಾಲ್ಕೈದು ದಿನ ಬಿಟ್ಟು ಬಂದರೆ ನೂಕುನುಗ್ಗಲು ಇಳಿದಿರುತ್ತದೆ, ಕಲಾವಿದರಿಗೂ ಎರಡು ಮಾತಾಡಲು ಪುರುಸೊತ್ತು ಸಿಗುತ್ತದೆ.

ಹಗಲು ನೋಡುವುದಕ್ಕೇನೂ ಕೊರತೆಯಿಲ್ಲ. ಗುಡಿಯ ಎದುರಿನ ಹರಿದ್ರಾತೀರ್ಥದ ಕಲ್ಲುಮಂಟಪದ ನೆರಳು, ಸಾಲಾಗಿ ನಿಲ್ಲಿಸಿದ ಕಟ್ಟಿಗೆಯ ಬಾಗಿಲು ಚೌಕಟ್ಟುಗಳ ಸಂತೆ, ಬಳೆ, ಬೆಂಡು ಬತ್ತಾಸು. ಮಧ್ಯಾಹ್ನದ ಊಟಕ್ಕೆ ಖಾನಾವಳಿ ಹುಡುಕಬೇಕಾಗಿಲ್ಲ. ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಮರದ ಕೆಳಗೆ ಕೂತಿರುತ್ತಾರೆ. "ಬರ್ರಿ ಯಣ್ಣಾ, ಕುಂದರ್ರಿ. ಬಿಸಿದು ಬೇಕೋ ಖಟಕ ಬೇಕೋ?" ಒಣಗಿ ಗರಿಗರಿಯಾದ ಖಟಕ ರೊಟ್ಟಿಯನ್ನೇ ಕೇಳಬೇಕು. ಅದರ ಮೇಲೆ ಪುಂಡಿಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಪುಟ್ಟ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು. ಚಿಲ್ಲರೆ ಕೈಯಲ್ಲಿದ್ದರೆ ಅವರಿಗೂ ಅನುಕೂಲ.

ಸಂಜೆಯ ಆಟಕ್ಕೆ ಮುಂಚೆ ಒಂದು ಟೆಂಟಿನ ಹಿಂಬದಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಸಿಕ್ಕರು. ಕಾಲಿನಿಂದ ತಿದಿ ಒತ್ತುವ ಹಳೆಯ ಕಾಲುಪೇಟಿಯನ್ನು ಅವರು ಇನ್ನೂ ಬಿಟ್ಟಿಲ್ಲ, ಪಕ್ಕದಲ್ಲಿ ಕೀಬೋರ್ಡೂ ಇದೆ. ಪೇಟಿಯ ಕಪ್ಪು ಮನೆಗಳ ಮೇಲೆ ಬೆರಳಿಟ್ಟು ಪಟ್ಟಿ, ಅಂದರೆ ಹಾಡುವ ಶ್ರುತಿಯ ಎತ್ತರ, ತೋರಿಸಿದರು. "ಇದು ಕರಿ ಒಂದು, ಗಂಡಸರು ಇಲ್ಲಿ ಹಾಡ್ತಾರ್ರಿ. ಹೆಣ್ಮಕ್ಕಳದು ಕರಿ ನಾಕು, ಐದು. ಮೈಕು ಇಲ್ಲದಾಗ ಇದರ ಮ್ಯಾಲೂ ಪಟ್ಟಿ ಏರಸ್ತಿದ್ರು. ಕೆಳಗಿನ ಪಟ್ಟಿಯೊಳಗ ಹಾಡಿದ್ರ ದನಿ ಮುಂದಿನ ಚಾಪಿ ಮ್ಯಾಲೇ ಬಿದ್ದುಬಿಡತೈತಿ, ಹಿಂದ ಹೋಗಾಂಗಿಲ್ಲ."

ಮಾತು ಮೈಕಿನ ಕಡೆ ತಿರುಗಿತು. ಈಗ ರಂಗದ ಮುಂಭಾಗದಲ್ಲಿ ಮೂರೋ ನಾಲ್ಕೋ ಮೈಕುಗಳನ್ನು ತಂತಿಗೆ ಕಟ್ಟಿ ಇಳಿಬಿಡುತ್ತಾರೆ. ಪಾತ್ರಧಾರಿಯ ನಡೆಯೆಲ್ಲ ಈ ಸಾಲಿಗೇ ಹೊಂದಿಕೊಂಡಿದೆ. ಹಿಂದಿನ ಪರದೆಯಿಂದ ಬಂದು ಮೈಕಿನ ಕೆಳಗೆ ನಿಂತು ಮಾತು ಒಪ್ಪಿಸಬೇಕು, ಎದುರಿನವರ ಉತ್ತರ ಮುಗಿಯುವುದರೊಳಗೆ ಪಕ್ಕದ ಮೈಕಿಗೆ ಸರಿಯಬೇಕು. ಎರಡು ಹೆಜ್ಜೆ ಹಿಂದೆ ನಿಂತರೆ ಮಾತು ಅರ್ಧ ನುಂಗಿಹೋಗುತ್ತದೆ, ತೀರಾ ಹತ್ತಿರ ಬಂದು ಕೂಗಿದರೆ ಒಡೆಯುತ್ತದೆ. ಹೊಸಬರು ಎಡವುವುದು ಇಲ್ಲೇ. ಅಭಿನಯಕ್ಕೆಂದು ಬೆನ್ನು ತಿರುಗಿಸಿದರೆ ದನಿ ಸತ್ತಂತೆ.

ಮೂರನೇ ಬೆಲ್ಲು, ನಾಂದಿ, ಪರದೆ ಮೇಲೆ. ಮೊದಲು ರಸ್ತೆ ಸೀನು, ಅದರ ಹಿಂದೆ ಮನೆ ಸೀನಿಗೆ ಸಜ್ಜು ನಡೆಯುತ್ತಿರುತ್ತದೆ. ಹಾಸ್ಯಪಾತ್ರಗಳು ಮುಂದೆ ನಿಂತು ಮಾತು ಹಿಗ್ಗಿಸುವುದು ಜನರನ್ನು ನಗಿಸಲು ಮಾತ್ರವಲ್ಲ, ಹಿಂದೆ ಮಂಚ ಕುರ್ಚಿ ಜೋಡಿಸಲು ಹೊತ್ತು ದೊರಕಿಸಲು ಕೂಡ. ಎರಡನೇ ಅಂಕದ ನಡುವೆ ಅಂದಿನ ಅವಘಡ ಆಯಿತು. ಜನರೇಟರ್ ಗಕ್ಕನೆ ನಿಂತು ದೀಪ, ಮೈಕು ಎರಡೂ ಹೋದವು. ಬ್ಯಾಟರಿ ದೀಪವೊಂದು ಬಂತು, ಮೈಕು ಬರಲಿಲ್ಲ. ತಾಯಿಯ ಪಾತ್ರದಲ್ಲಿದ್ದ ಹಿರಿಯ ನಟಿ ನಿಲ್ಲಿಸಲಿಲ್ಲ. ರಂಗದ ಅಂಚಿಗೇ ಬಂದರು, ಗಲ್ಲ ತುಸು ಮೇಲೆತ್ತಿದರು, ಮಾತಿನ ನಡುವಿನ ಬಿಡುವನ್ನು ಉದ್ದ ಮಾಡಿದರು. ಪ್ರತಿ ವಾಕ್ಯದ ಕೊನೆಯ ಸ್ವರವನ್ನು ಎಳೆದು ಬಿಟ್ಟರು. ಮಾಸ್ತರರು ಕೀಬೋರ್ಡು ಬಿಟ್ಟು ಕಾಲುಪೇಟಿಗೆ ಬಂದು ಒಂದು ಪಟ್ಟಿ ಮೇಲೆ ಹಿಡಿದರು. ಹಾಡು ಹಿಂದಿನ ಚಾಪೆಯವರೆಗೂ ಬಂತು. ಹೌದು, ಮಾಧುರ್ಯ ತುಸು ಕಡಿಮೆಯಾಗಿ ಒರಟಾಯಿತು. ಆದರೆ ಒಂದಕ್ಷರವೂ ತಪ್ಪಿಸಿಕೊಳ್ಳಲಿಲ್ಲ. ಸುಮಾರು ಹತ್ತು ನಿಮಿಷ ಹೀಗೇ ನಡೆಯಿತು. ಮೈಕು ಮರಳಿ ಬಂದಾಗ ಅದೇ ದನಿ ಚಿಕ್ಕದಾದಂತೆ ಕೇಳಿಸಿತು.

ಹಳೆಯ ತಟ್ಟೆಗಳಲ್ಲಿ ಕೇಳುವ ಆ ತೆರೆದ ಕಂಠ, ಎಳೆದ ಕೊನೆಯಕ್ಷರ, ಸ್ವಲ್ಪ ಮೂಗಿನಿಂದ ಹೊರಡುವ ಖಣಖಣ ನಾದ, ಇವೆಲ್ಲ ರುಚಿಯ ಮಾತಷ್ಟೇ ಆಗಿರಲಿಲ್ಲ. ದೂರಕ್ಕೆ ದನಿ ಮುಟ್ಟಿಸುವ ಕಸುಬಾಗಿತ್ತು.

ಎರಡನೇ ದಿನ: ಗುಳೇದಗುಡ್ಡ, ಬೀಳಗಿ

ಕೊನೆಯ ಆಟ ಮುಗಿಯುವಾಗ ಬೆಳಗಾಗುತ್ತದೆ. ಎರಡು ತಾಸು ಕಣ್ಣು ಮುಚ್ಚಿ ಬಾಡಿಗೆ ಕಾರಿನಲ್ಲಿ ಹೊರಟರೆ ಸಾಕು, ಈ ದಿನದ ದಾರಿ ಉದ್ದವಿಲ್ಲ. ಬಸ್ಸಿನಲ್ಲೂ ಆಗುತ್ತದೆ, ಆದರೆ ಹೊಲದ ಬದಿಯಲ್ಲಿ ಬೇಕೆಂದಾಗ ನಿಲ್ಲಿಸುವ ಸುಖ ಇರುವುದಿಲ್ಲ.

ಗುಳೇದಗುಡ್ಡದ ಓಣಿಗಳಲ್ಲಿ ಮಗ್ಗದ ಸದ್ದು ಈಗ ಮುಂಚಿನಷ್ಟಿಲ್ಲ. ಆದರೂ ಖಣದ ಅಂಗಡಿಗಳಿವೆ. ಕುಪ್ಪಸದ ಈ ಬಟ್ಟೆಯಲ್ಲಿ ಸಣ್ಣ ಸಣ್ಣ ಬುಟ್ಟಾಗಳು ಬೆಳಕು ಬಿದ್ದಂತೆ ಮಿನುಗುತ್ತವೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಉಟ್ಟು ತೊಟ್ಟ ಪಾತ್ರ ಈ ಕಡೆಯ ರಂಗದ ಮೇಲೆ ಬಂದರೆ ಪರಿಚಯದ ಮಾತೇ ಬೇಕಾಗುವುದಿಲ್ಲ, ಯಾವ ಮನೆಯ ಹೆಣ್ಣುಮಗಳು ಎಂಬುದು ಕೂತವರಿಗೆ ತಿಳಿದುಬಿಡುತ್ತದೆ.

ಬಾಗಲಕೋಟೆಯಲ್ಲಿ ರೈಲು ನಿಲ್ದಾಣವನ್ನು ನೋಡದೆ ಮುಂದೆ ಹೋಗಬಾರದು. ಅಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ, ಆದರೆ ಈ ಕಥೆಯ ಅರ್ಧ ಇಲ್ಲೇ ಇದೆ. ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ಹಾದು ಸೊಲ್ಲಾಪುರದ ಹತ್ತಿರದ ಹೊಟಗಿ ಸೇರುವ ಮೀಟರ್ ಗೇಜ್ ಹಳಿ 1880ರ ದಶಕದಲ್ಲೇ ಬಿತ್ತು. ಹೊಟಗಿಯಲ್ಲಿ ಗಾಡಿ ಬದಲಿಸಿದರೆ ಪುಣೆ, ಮುಂಬೈ. ಬೆಂಗಳೂರಿನ ಕಡೆಯದು ಆಗ ಬೇರೆಯೇ ಸಂಸ್ಥಾನ. ಇಲ್ಲಿಯದು ಮುಂಬೈ ಪ್ರಾಂತ. ಕಚೇರಿ, ಕೋರ್ಟು, ವ್ಯಾಪಾರ ಎಲ್ಲದರ ಮುಖ ಉತ್ತರಕ್ಕಿತ್ತು, ನಾಟಕದ್ದೂ ಹಾಗೆಯೇ. ಮರಾಠಿ ಸಂಗೀತ ನಾಟಕದ ಹಾಡುಗಳು ಈ ಹಳಿಯ ಗುಂಟ ಇಳಿದು ಬಂದವು, ಇಲ್ಲಿಯ ಕಂಠಗಳು ಅದೇ ಹಳಿಯ ಗುಂಟ ಏರಿಹೋದವು. ಕನ್ನಡದ ಹೆಣ್ಣುಮಕ್ಕಳು ಮದರಾಸಿಗೆ ಹೋಗದೆ ಮುಂಬೈಗೆ ಯಾಕೆ ಹೋದರು ಎಂದು ಕೇಳುವವರಿಗೆ ಇದೇ ಉತ್ತರ.

ಗದ್ದನಕೇರಿ ಕ್ರಾಸ್ ದಾಟಿ, ಅನಗವಾಡಿಯಲ್ಲಿ ಘಟಪ್ರಭೆಯ ಸೇತುವೆ ದಾಟಿದರೆ ಕಪ್ಪು ಮಣ್ಣಿನ ಎರಿ ಹೊಲಗಳ ಬಯಲು. ಜೋಳ ಎದೆಮಟ್ಟ ನಿಂತಿತ್ತು, ನಡುನಡುವೆ ಕುಸುಬಿಯ ಹಳದಿ ಹೂವು, ಬದುವಿನ ಅಂಚಿಗೆ ಕಡಲೆ. ಒಂದು ಹೊಲದಲ್ಲಿ ಹೊಗೆ ಕಂಡು ಗಾಡಿ ನಿಲ್ಲಿಸಿದ್ದಕ್ಕೆ ಸೀತನಿ ಸಿಕ್ಕಿತು. ಹಾಲು ತುಂಬಿ ಇನ್ನೂ ಗಟ್ಟಿಯಾಗದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹೊರಳಿಸಿ ಸುಟ್ಟು, ಬಟ್ಟೆಯಲ್ಲಿ ಉಜ್ಜಿ ಕಾಳು ಬಿಡಿಸುತ್ತಾರೆ. ಕೆಂಡ ಉರಿಯುತ್ತಿದ್ದರೆ ಮೇಲೆ ಕರಕಲು, ಒಳಗೆ ಹಸಿ. ಬೂದಿ ಮುಚ್ಚಿದ ಕೆಂಡವೇ ಆಗಬೇಕು. ಕೈ ಸುಡುವಾಗಲೇ ಬೆಲ್ಲ, ಶೇಂಗಾ ಹಿಂಡಿಯ ಜೊತೆ ತಿನ್ನಬೇಕು, ಆರಿದರೆ ರುಚಿ ಹೋಯಿತು. ಹೊಲದ ಅಜ್ಜಿ ದುಡ್ಡು ಮುಟ್ಟಲಿಲ್ಲ. "ಎಲ್ಲಿಗ್ ಹೊಂಟೀರಿ?" ಎಂದರು. ಬೀಳಗಿಯ ಹಾಡುವವರ ಊರು ನೋಡಲು ಎಂದಾಗ ನಕ್ಕರು. "ನಮ್ಮ ಕಡೆ ಹಾಡದಾಕಿ ಯಾಕಿ ಅದಾಳ ಹೇಳ್ರಿ? ಬೀಸುವಾಗ ಹಾಡು, ಕುಟ್ಟುವಾಗ ಹಾಡು. ಈಗ ಗಿರಣಿ ಬಂದು ಹಾಡು ಹೋದುವು."

ಬೀಳಗಿಗೆ ಬರುವವರಿಗೆ ಒಂದು ಎಚ್ಚರಿಕೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲೂ ಒಂದು ಬಿಳಗಿ ಇದೆ, ಹಳೆಯ ಬಸದಿಯಿರುವ ಊರು. ಮೊಬೈಲಿನ ನಕ್ಷೆಯಲ್ಲಿ ಬರಿ ಹೆಸರು ಹಾಕಿದರೆ ಅದೇ ಮೊದಲು ಬರಬಹುದು. ನಮ್ಮ ಚಾಲಕರ ಮೊಬೈಲು ಹಾಗೆಯೇ ಮಲೆನಾಡಿನ ದಾರಿ ತೋರಿಸತೊಡಗಿ, ಕ್ರಾಸಿನಲ್ಲಿ ಅರ್ಧ ತಾಸು ಹೋಯಿತು. ಬಾಗಲಕೋಟೆ ಜಿಲ್ಲೆ ಎಂದು ಸೇರಿಸಿಕೊಳ್ಳಬೇಕು. ಹಳೆಯ ಬರಹಗಳಲ್ಲಿ ಬಿಜಾಪುರ ಜಿಲ್ಲೆಯ ಬೀಳಗಿ ಎಂದಿದ್ದರೆ ಅದೂ ತಪ್ಪಲ್ಲ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಊರು ಗುಡ್ಡದ ಬುಡದಲ್ಲಿದೆ, ಕಲ್ಲಿನ ಗೋಡೆಯ ಮನೆಗಳು, ಇಕ್ಕಟ್ಟಿನ ಓಣಿಗಳು. ಅರೆತ್ತಿನ ಬಾವಿಯ ಮೆಟ್ಟಿಲ ಮೇಲೆ ಮಧ್ಯಾಹ್ನದ ಬಿಸಿಲಿನಲ್ಲೂ ತಂಪು. ಇಲ್ಲಿ ಕೂತು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಅಮೀರ್‌ಬಾಯಿ ಹುಟ್ಟಿದ್ದು 1906ರ ಸುಮಾರಿಗೆ, ಅಷ್ಟೇನೂ ಅನುಕೂಲವಿಲ್ಲದ ಮುಸ್ಲಿಂ ಮನೆಯಲ್ಲಿ, ಐವರು ಅಕ್ಕತಂಗಿಯರ ನಡುವೆ. ಮನೆಮಾತು ಕನ್ನಡ. ಹದಿನೈದರ ಹೊತ್ತಿಗೆ ಮುಂಬೈ ಸೇರಿದರು. ಬೀಳಗಿಗೆ ಆಗಲೂ ರೈಲಿರಲಿಲ್ಲ, ಈಗಲೂ ಇಲ್ಲ. ಮುಂಬೈಯಲ್ಲಿ ಹೆಸರಿನ ಮುಂದೆ ಅಂಟಿದ್ದು ತಂದೆಯ ಹೆಸರಲ್ಲ, ಊರಿನ ಹೆಸರೂ ಅಲ್ಲ, 'ಕರ್ನಾಟಕಿ'. ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾದದ್ದು 1973ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲು ಈ ಅಕ್ಕತಂಗಿಯರು ಆ ಹೆಸರನ್ನು ಹಿಂದಿ, ಮರಾಠಿ ಕೇಳುಗರ ಬಾಯಲ್ಲಿ ನಿಲ್ಲಿಸಿದ್ದರು.

ಗೋಹರ್‌ಬಾಯಿಯವರ ವಿಷಯದಲ್ಲಿ ಜನ ಮೇಲಿಂದ ಮೇಲೆ ಗೊಂದಲ ಮಾಡಿಕೊಳ್ಳುತ್ತಾರೆ. ಆ ಕಾಲದಲ್ಲಿ ಮೂವರು ಗೋಹರ್‌ಗಳಿದ್ದರು. ಕಲ್ಕತ್ತೆಯ ಗೋಹರ್ ಜಾನ್, ಗ್ರಾಮಫೋನಿಗೆ ಮೊದಲು ಹಾಡಿದವರಲ್ಲಿ ಒಬ್ಬರು, ಮೈಸೂರಿನಲ್ಲಿ 1930ರಲ್ಲಿ ತೀರಿಕೊಂಡರು. ರಣಜಿತ್ ಸ್ಟುಡಿಯೋದ ಮಿಸ್ ಗೋಹರ್ ಸಿನಿಮಾ ತಾರೆ. ಮೂರನೆಯವರು ನಮ್ಮ ಗೋಹರ್‌ಬಾಯಿ ಕರ್ನಾಟಕಿ. ಇವರು ಮರಾಠಿ ರಂಗಭೂಮಿಯ ಬಾಲಗಂಧರ್ವರ ಮಂಡಳಿಯನ್ನು 1930ರ ದಶಕದ ಕೊನೆಗೆ ಸೇರಿದರು, 1951ರಲ್ಲಿ ಅವರನ್ನೇ ಮದುವೆಯಾದರು. ಹೆಣ್ಣಿನ ಪಾತ್ರಕ್ಕೆ ಹೆಣ್ಣಿಗಿಂತ ಚೆಲುವಾಗಿ ನಿಲ್ಲುತ್ತಿದ್ದ ಬಾಲಗಂಧರ್ವರ ಹಾಡಿನ ಧಾಟಿಯನ್ನು, ಅವರ ಉಸಿರಿನ ಬಿಡುವಿನ ಸಮೇತ, ಗೋಹರ್‌ಬಾಯಿ ಒಲಿಸಿಕೊಂಡಿದ್ದರು. ಗಂಡಸು ಕಟ್ಟಿಕೊಟ್ಟ ಹೆಣ್ಣುದನಿಯನ್ನು ಕನ್ನಡದ ಹೆಣ್ಣೊಬ್ಬಳು ಮರಳಿ ತನ್ನದಾಗಿಸಿಕೊಂಡದ್ದು ಸಣ್ಣ ಮಾತಲ್ಲ. ಪುಣೆಯ ರಸಿಕರಲ್ಲಿ ಹಲವರು ಇವರನ್ನು ಹೊರಗಿನವಳೆಂದೇ ಕಂಡರು. ಅದು ಅನ್ಯಾಯ ಎಂದು ಹೇಳದೆ ಮುಂದೆ ಹೋಗಲಾಗುವುದಿಲ್ಲ.

ಅದೇ ಸಂಜೆ: ಕೊಲ್ಹಾರದ ಸೇತುವೆ

ಬೀಳಗಿಯಿಂದ ವಿಜಯಪುರದ ಕಡೆ ಹೆದ್ದಾರಿ ಹಿಡಿದರೆ ಕೊರ್ತಿ, ಆಮೇಲೆ ಕೃಷ್ಣೆಯ ಹಿನ್ನೀರಿನ ಮೇಲೆ ಮುಗಿಯದಂತೆ ಚಾಚಿದ ಸೇತುವೆ, ಆಚೆ ದಡದಲ್ಲಿ ಕೊಲ್ಹಾರ. ಆಲಮಟ್ಟಿಯ ನೀರು ನಿಂತ ಮೇಲೆ ಈ ದಡದ ಎಷ್ಟೋ ಊರುಗಳು ಮುಳುಗಿ ಬೇರೆಡೆ ಎದ್ದವು. ಹೊಳೆ ದಾಟಿ ಮುಂಬೈಗೆ ಹೋದವರು ಕಂಡ ದಂಡೆ ಈಗ ನೀರಿನ ತಳದಲ್ಲಿದೆ. ಹೊತ್ತು ಮುಳುಗುವಾಗ ಸೇತುವೆಯ ಮೇಲೆ ಗಾಡಿ ನಿಲ್ಲಿಸುವುದು ಅಪಾಯ, ಲಾರಿಗಳು ವೇಗವಾಗಿ ಬರುತ್ತವೆ. ದಾಟಿದ ಮೇಲೆ ನಿಲ್ಲಿಸಿ ಹಿಂದಕ್ಕೆ ನಡೆದು ಬಂದರಾಯಿತು.

ಕೊಲ್ಹಾರ ಎಂದರೆ ಗಡಿಗಿ ಮೊಸರು. ರಸ್ತೆ ಬದಿಯಲ್ಲಿ ಮಣ್ಣಿನ ಗಡಿಗೆಗಳನ್ನು ಜೋಡಿಸಿಟ್ಟಿರುತ್ತಾರೆ. ಹಾಲು ಚೆನ್ನಾಗಿ ಕುದಿದು ಗಟ್ಟಿಯಾಗಬೇಕು, ಉಗುರುಬೆಚ್ಚಗಿರುವಾಗ ಹೆಪ್ಪು ಬೀಳಬೇಕು, ಮಣ್ಣು ಹೆಚ್ಚಿನ ನೀರನ್ನು ಹೀರಬೇಕು. ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಹೊಸ ಗಡಿಗೆಯದಾದರೆ ಮಣ್ಣಿನ ವಾಸನೆ ಇರುತ್ತದೆ, ಕೆಲವರಿಗೆ ಅದೇ ಇಷ್ಟ. ಊರಿಗೆ ಒಯ್ಯುವವರು ಬಾಯಿಗೆ ಎರಡು ಪದರ ಬಟ್ಟೆ ಕಟ್ಟಿಸಿಕೊಂಡು, ಕಾಲ ಬಳಿ ನೆಟ್ಟಗೆ ಇಡಬೇಕು. ಡಿಕ್ಕಿಯಲ್ಲಿಟ್ಟ ಒಂದು ಗಡಿಗೆ ವಿಜಯಪುರ ಬರುವುದರೊಳಗೆ ಸೀಳಿ, ಚೀಲದ ತಳವೆಲ್ಲ ತೊಯ್ದಿತ್ತು.

ಉಳಿದ ದಾರಿ ಕತ್ತಲು, ಕಾರಿನಲ್ಲಿ ಹಾಡು. 1934ರ 'ವಿಷ್ಣುಭಕ್ತಿ' ಚಿತ್ರಕ್ಕೆ ಅಮೀರ್‌ಬಾಯಿ ಬಂದದ್ದು ಅಕ್ಕನ ನೆರವಿನಿಂದ. ಆಗ ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ತಿರುಗುವಾಗಲೇ ಪಾತ್ರಧಾರಿ ಹಾಡಬೇಕು, ವಾದ್ಯದವರು ಚೌಕಟ್ಟಿನ ಆಚೆ ಅಡಗಿ ಕೂತಿರುತ್ತಾರೆ. ನಟಿ ಮುಖ ಹೊರಳಿಸಿದರೆ ದನಿ ಇಳಿಯುತ್ತದೆ, ತಬಲಾ ಹತ್ತಿರವಾದರೆ ಹಾಡನ್ನೇ ಮುಚ್ಚುತ್ತದೆ. ಒಬ್ಬರು ತಪ್ಪಿದರೂ ಮೊದಲಿಂದ ಶುರು. ಟೆಂಟಿನ ಶಿಸ್ತು ಇದ್ದವರಷ್ಟೇ ಅಲ್ಲಿ ನಿಲ್ಲಬಲ್ಲರು. 1935ರಿಂದ ಹಾಡನ್ನು ಮೊದಲೇ ಮುದ್ರಿಸಿ ತುಟಿ ಆಡಿಸುವ ಪದ್ಧತಿ ಬಂತು, ದನಿ ಮತ್ತು ಮುಖ ಬೇರೆಯಾದವು. ಅಮೀರ್‌ಬಾಯಿಯವರ ದೊಡ್ಡ ಗೆಲುವು ಬಂದದ್ದು ಆ ಬೇರ್ಪಾಟಿನಿಂದಲೇ. 1943ರ 'ಕಿಸ್ಮತ್', ಬಾಂಬೆ ಟಾಕೀಸ್‌ನದು, ಅನಿಲ್ ಬಿಸ್ವಾಸರ ಸಂಗೀತ. ಪರದೆಯ ಮೇಲೆ ಮುಮ್ತಾಜ್ ಶಾಂತಿ, ಕಂಠ ಬೀಳಗಿಯದು. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಮರುವರ್ಷ ನೌಷಾದರ 'ರತನ್'. ಆ ಹಾಡುಗಳಲ್ಲಿ ಕೊನೆಯಕ್ಷರ ಎಳೆಯುವ ರೀತಿ ಕೇಳಿದರೆ ಹಿಂದಿನ ರಾತ್ರಿಯ ತಾಯಿ ಪಾತ್ರ ಕಣ್ಣಮುಂದೆ ಬರುತ್ತದೆ.

ಮೂರನೇ ದಿನ: ವಿಜಯಪುರ

ಸಂಕ್ರಾಂತಿಯ ಆಸುಪಾಸಿನಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಆಗ ಕೋಣೆ ಸಿಗುವುದು ಕಷ್ಟ, ಮೊದಲೇ ಹೇಳಿಟ್ಟಿರಬೇಕು. ಗೋಲಗುಂಬಜಕ್ಕೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಶಾಲೆಯ ಮಕ್ಕಳ ಬಸ್ಸುಗಳು ಬಂದರೆ ಕಿರುಚಾಟದಲ್ಲಿ ಪಿಸುಗುಟ್ಟುವ ಗ್ಯಾಲರಿಯ ಗುಣವೇ ಕೇಳಿಸದು. ಮೂಲೆಯ ಏಳಂತಸ್ತಿನ ಮಿನಾರಿನೊಳಗೆ ಕಿರಿದಾದ ಮೆಟ್ಟಿಲು, ಏರುವವರು ಇಳಿಯುವವರು ಒಬ್ಬರಿಗೊಬ್ಬರು ಮೈ ಒತ್ತಿಯೇ ಸಾಗಬೇಕು. ಮೇಲೆ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ್ದು ಎದುರು ಬದಿಯ ಕಿವಿಗೆ ಸ್ಪಷ್ಟವಾಗಿ ಬರುತ್ತದೆ. ಕೂಗಿದರೆ ಮಾತ್ರ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಮಾತು ಕಲಸಿಹೋಗುತ್ತದೆ. ಟೆಂಟಿನಲ್ಲಿ ಬೇಕಾದದ್ದಕ್ಕೆ ಇದು ತೀರಾ ವಿರುದ್ಧ. ಇಲ್ಲಿ ಸಣ್ಣ ದನಿಗೇ ಬೆಲೆ, ಒಳ್ಳೆಯ ಮೈಕಿನ ಮುಂದೆಯೂ ಹಾಗೆಯೇ.

1940ರ ದಶಕದ ಕೊನೆಗೆ ಮುಂಬೈಯಲ್ಲಿ ಆದದ್ದು ಅದೇ. ಮೈಕು ಸೂಕ್ಷ್ಮವಾಯಿತು, ಉಸಿರಿನ ಎಳೆಯೂ ಅದರಲ್ಲಿ ಹಿಡಿಯಿತು. ದೂರಕ್ಕೆ ಎಸೆಯುವ ದನಿಗಿಂತ ತೆಳ್ಳಗೆ, ಎತ್ತರದಲ್ಲಿ, ನೂಲಿನಂತೆ ಸಾಗುವ ದನಿ ರುಚಿಸತೊಡಗಿತು. ಲತಾ ಮಂಗೇಶ್ಕರ್ ಬಂದರು. ಅಮೀರ್‌ಬಾಯಿಯಂಥ ತುಂಬುಕಂಠದವರಿಗೆ ಹಾಡು ಕಡಿಮೆಯಾಯಿತು. ಇದನ್ನು ಒಬ್ಬರು ಗೆದ್ದು ಒಬ್ಬರು ಸೋತ ಕಥೆಯಾಗಿ ಹೇಳುವುದು ಸರಿಯಲ್ಲ. ಉಪಕರಣ ಬದಲಾಯಿತು, ಅದರೊಂದಿಗೆ ಕಿವಿ ಬದಲಾಯಿತು. 1948ರಲ್ಲಿ 'ಶೆಹನಾಜ್' ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಿಸಿದರು. ಆ ಕೆಲಸ ಮಾಡಿದ ಹೆಂಗಸರನ್ನು ಆಗ ಬೆರಳಲ್ಲಿ ಎಣಿಸಬಹುದಿತ್ತು. ಖಳಪಾತ್ರಗಳ ನಟ ಹಿಮಾಲಯವಾಲಾ ಅವರೊಂದಿಗಿನ ಮೊದಲ ಮದುವೆ ನೆಮ್ಮದಿ ಕೊಡಲಿಲ್ಲ. ಹಾಡು ಕಡಿಮೆಯಾದ ಮೇಲೆ ಮರಳಿ ಬಣ್ಣ ಹಚ್ಚಿಕೊಂಡು ಪೋಷಕ ಪಾತ್ರಗಳಿಗೆ ನಿಂತರು. ಟೆಂಟಿನ ನಾಡಿನಿಂದ ಹೋದವರಿಗೆ ಪಾತ್ರ ಚಿಕ್ಕದೋ ದೊಡ್ಡದೋ ಎಂಬುದು ಕೆಲಸ ಬಿಡುವ ಕಾರಣವಾಗಲಿಲ್ಲ.

ಗುಂಬಜದ ಎದುರಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಒಂದು ತಾಸು ಸಾಕು. ಇಬ್ರಾಹಿಂ ರೋಜಾದಲ್ಲಿ ಮಾತ್ರ ಹೆಚ್ಚು ಹೊತ್ತು ಕಳೆಯಬೇಕು. ಅಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಸರಸ್ವತಿ, ಗಣಪತಿಯರನ್ನು ನೆನೆದು ಹಾಡು ಕಟ್ಟಿದ ದೊರೆ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟವನು. ಕೃಷ್ಣ ಕನ್ಹಯ್ಯನನ್ನು ಕರೆದು 'ಕಿಸ್ಮತ್'ನಲ್ಲಿ ಅಮೀರ್‌ಬಾಯಿ ಹಾಡಿದ್ದನ್ನು ಇಲ್ಲಿಯ ಹುಣಸೆ ನೆರಳಿನಲ್ಲಿ ನೆನೆದರೆ ಯಾವ ವಿವರಣೆಯೂ ಬೇಕೆನಿಸುವುದಿಲ್ಲ. ಊರಿನ ರಂಗಮಂದಿರಕ್ಕೆ ಕಂದಗಲ್ಲ ಹನುಮಂತರಾಯರ ಹೆಸರಿದೆ. 'ರಕ್ತರಾತ್ರಿ'ಯ ಆ ನಾಟಕಕಾರ ಹುನಗುಂದ ಸೀಮೆಯವರು, ಈ ಕಡೆಯ ಕಂಪನಿಗಳ ಬಾಯಿಗೆ ಮಾತು ಕೊಟ್ಟವರು.

ಮಧ್ಯಾಹ್ನದ ಊಟ ಖಾನಾವಳಿಯಲ್ಲಿ, ಎಣ್ಣೆಗಾಯಿ, ಮಡಕಿಕಾಳು, ಗುರೆಳ್ಳು ಚಟ್ನಿ. ಅಲ್ಲಿಂದ ಟಾಂಗಾ. ಈ ಊರಿನಲ್ಲಿ ಇನ್ನೂ ಕೆಲವು ಉಳಿದಿವೆ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಂಡರೆ ಇಬ್ಬರಿಗೂ ಒಳ್ಳೆಯದು. ಅಮೀರ್ ಟಾಕೀಸ್ ಎಂದರೆ ಸಾಕು, ಬೇರೆ ಗುರುತು ಹೇಳಬೇಕಾಗಿಲ್ಲ. ಮುಂಬೈಗೆ ಹೋದ ಮಗಳ ಹೆಸರು ತವರುನಾಡಿನಲ್ಲಿ ಒಂದು ಚಿತ್ರಮಂದಿರದ ಮೇಲೆ ನಿಂತಿದೆ. ಪಾರ್ಶ್ವವಾಯು ಬಡಿದು ಕೆಲವೇ ದಿನಗಳಲ್ಲಿ, 1965ರ ಮಾರ್ಚ್ 3ರಂದು ಅವರು ತೀರಿಕೊಂಡರು. ಮಣ್ಣಾದದ್ದು ಈ ಊರಿನಲ್ಲೇ.

ರೈಲಿಗೆ ಹೊತ್ತಿತ್ತು, ಟಾಂಗಾ ನಿಲ್ದಾಣದ ಕಡೆ ತಿರುಗಿತು. ಮೊಬೈಲಿನಲ್ಲಿ 1950ರ 'ಸಮಾಧಿ' ಚಿತ್ರದ ಜೋಡಿಹಾಡು ಹಾಕಿದೆವು, ಸಿ. ರಾಮಚಂದ್ರರದು. ಲತಾ ಕರೆಯುತ್ತಾರೆ, ಗಂಡುವೇಷದ ಪಾತ್ರಕ್ಕಾಗಿ ಅಮೀರ್‌ಬಾಯಿ ಉತ್ತರ ಕೊಡುತ್ತಾರೆ. ಒಂದೇ ಮೈಕಿನ ಕಾಲದ ಎರಡು ಕಂಠಗಳು ಅಕ್ಕಪಕ್ಕ. ಸಣ್ಣ ಮೊಬೈಲು, ಗೊರಸಿನ ಸದ್ದು, ಹಾರ್ನು. ಇಷ್ಟರ ನಡುವೆಯೂ ಆ ದಪ್ಪ ದನಿ ಮುಂದೆ ಕೂತ ಟಾಂಗಾದ ಅಜ್ಜಾರಿಗೆ ಮುಟ್ಟಿತು. ಅವರು ತಿರುಗಿ ನೋಡಿದರು, ಏನೂ ಕೇಳಲಿಲ್ಲ. ನಿಲ್ದಾಣದ ಗೇಟು ಬಂದಾಗ ಹಾಡು ಇನ್ನೂ ಮುಗಿದಿರಲಿಲ್ಲ. ಚೀಲ ಎತ್ತಿಕೊಳ್ಳಲು ಹೋದರೆ ಅವರು ಲಗಾಮು ಬಿಗಿದು ಕುದುರೆ ನಿಲ್ಲಿಸಿ, "ತಡೀರಿ, ಪೂರಾ ಆಗಲಿ" ಎಂದರು.